ಹೆರ್ಮಿನಿಯಾ ಅಜ್ಜನನ್ನು ಕರೆತರಲು ಹೋದದ್ದು

ಹೆರ್ಮಿನಿಯಾ ಹುಟ್ಟಾ ಹಟಮಾರಿ. ಓಹಾಕಾ ಕಣಿವೆಯ ಆ ಕುಂಬಾರರ ಊರಿನಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಅವಳ ಜೋಳದ ಹೊಲದ ಮೂಲೆಯಲ್ಲಿ ಅಜ್ಜನಿದ್ದ: ಚಕ್ಕಳಮಕ್ಕಳ ಹಾಕಿ ಕೂತ ಮುದುಕನ ಆಕಾರದ, ಯಾವ ಕಾಲದ್ದೋ ಮಣ್ಣಿನ ಕುಂಭ. ಬಿತ್ತುವ ಮುನ್ನ ಅವನಿಗೆ ಒಂದು ಲೋಟ ಮೆಸ್ಕಾಲ್ ಹೆಂಡ ಸುರಿದು ಮಳೆ ಬೇಡಬೇಕು. ಅಜ್ಜನ ಮೈ ಎಲ್ಲಾದರೂ ಒಡೆದಿದ್ದರೆ ಕೊಟ್ಟದ್ದು ಅವನಿಗೆ ಮುಟ್ಟುವುದಿಲ್ಲವೆಂದು ನಂಬಿಕೆ. ಎತ್ತಿನ ಗೊರಸು ತಗುಲಿ ಎಡಗಿವಿ ಉದುರಿದಾಗ ಹೆರ್ಮಿನಿಯಾ ತಾನೇ ಹೊಸ ಕಿವಿ ಮಾಡಿ, ಸುಟ್ಟು, ಗುರುತು ಸಿಗದಂತೆ ಅಂಟಿಸಿದ್ದಳು.

ಗಂಡ ಸತ್ತ ವರ್ಷವೇ ಮೈದುನ ಕ್ರಿಸ್ಪಿನ್, ಆ ಮನೆಮುರುಕ, ಅಜ್ಜನನ್ನು ಕದ್ದು ದಲ್ಲಾಳಿಗೆ ಮಾರಿದ. ದಲ್ಲಾಳಿ ಒಬ್ಬ ಸಿರಿವಂತ ವೈದ್ಯನಿಗೆ ಮಾರಿದ. ವೈದ್ಯ ಸತ್ತ ಮೇಲೆ ಅವನ ಹೆಂಡತಿ ಪಟ್ಟಣದ ಮ್ಯೂಸಿಯಂಗೆ ದಾನ ಕೊಟ್ಟು ಪುಣ್ಯ ಕಟ್ಟಿಕೊಂಡಳು. ಹತ್ತೊಂಬತ್ತು ವರ್ಷ ಹೆರ್ಮಿನಿಯಾ ಬರೀ ನೆಲಕ್ಕೆ ಹೆಂಡ ಸುರಿದಳು. ಅಜ್ಜ ಮ್ಯೂಸಿಯಂನಲ್ಲಿರುವ ಸುದ್ದಿ ತಿಳಿದ ದಿನವೇ ಬಸ್ಸು ಹತ್ತಿದಳು.

"ನಿಮ್ದೇ ಅನ್ನೋಕೆ ಏನಜ್ಜಿ ಸಾಕ್ಷಿ?" ಎಂದರು ಮ್ಯೂಸಿಯಂ ಅಧಿಕಾರಿ ಬೆರ್ಮೂದೆಸ್.

"ಎಡಗಿವಿ ನಾನ್ ಮಾಡಿದ್ದು ಕಣಪ್ಪಾ. ಹಿಂದ್ಗಡೆ ನನ್ ಹೆಬ್ಬೆಟ್ಟಿನ ಗುರುತೈತೆ, ನೋಡು."

ಗುರುತಿತ್ತು. ಬೆರ್ಮೂದೆಸ್ ಮುಖ ಕಪ್ಪಿಟ್ಟಿತು. "ಕಿವಿ ಮಾಡಿದೋಳು ಮೈ ಮಾಡಿರಲ್ವಾ? ನಕಲಿ ಮಾಲಿಗೆ ಗಾಜಿನ ಪೆಟ್ಟಿಗೆ ಬೇರೆ! ನಿಜ ಹೇಳು, ಪೂರ್ತಿ ನೀನೇ ಮಾಡಿದ್ದಾ?"

ನಕಲಿಯಾದರೆ ಇವರಿಗೆ ಬೇಡ, ನನಗೆ ಕೊಟ್ಟುಬಿಡುತ್ತಾರೆ. ಹೀಗೆ ಎಣಿಸಿದಳು ಹುಚ್ಚಿ.

"ಹೂಂ, ಪೂರ್ತಿ ನಾನೇ ಮಾಡಿದ್ದು. ಕೊಡು, ಹೊತ್ಕೊಂಡ್ ಹೋಯ್ತೀನಿ."

"ಇಡಿಯಾಗಿ ಕೊಟ್ರೆ ಇನ್ನೊಬ್ರಿಗೆ ಟೋಪಿ ಹಾಕ್ತೀಯ." ಅವರೇ ಸುತ್ತಿಗೆ ತಂದು ಅಜ್ಜನ ಎದೆಗೆ ಬಾರಿಸಿದರು. ಹೆರ್ಮಿನಿಯಾ ಕಿರುಚಿ ಮುಂದೆ ಬರುವಷ್ಟರಲ್ಲಿ ಎರಡನೇ ಏಟೂ ಬಿದ್ದಿತ್ತು.

ಚೂರೊಂದನ್ನು ಎತ್ತಿ ನೋಡಿದ ಬೆರ್ಮೂದೆಸ್ ಬೆವರಿದರು. ಒಳಮಣ್ಣಿನ ಬಿರುಕುಗಳಲ್ಲಿ ಶತಮಾನಗಳ ಬೇರುಗಳ ಜಾಡು. "ಅಪ್ಪಟ ಹಳೇದು! ಮುಟ್ಬೇಡ, ಇದು ಸರ್ಕಾರದ ಸ್ವತ್ತು." ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಅಜ್ಜೀ, ಕಿವಿ ಅಂಟಿಸಿದ ಹಾಗೇ ಇದನ್ನೂ ಅಂಟಿಸಿಕೊಡ್ತೀರಾ? ಯಾರಿಗೂ ಹೇಳೋದ್ ಬೇಡ."

ಆ ಮುಖಕ್ಕೆ ಉಗಿಯಬೇಕೆನಿಸಿತು ಅವಳಿಗೆ. ಆದರೆ ಅಜ್ಜನನ್ನು ಚೂರುಚೂರಾಗಿ ಬಿಟ್ಟು ಹೋಗುವುದು ಹೇಗೆ? ಹನ್ನೊಂದು ದಿನ ಕೂತು, ಕಣ್ಣೀರು ಒರೆಸಿಕೊಳ್ಳುತ್ತಾ, ಒಂದೊಂದೇ ಚೂರು ಕೂಡಿಸಿದಳು.

ಹನ್ನೆರಡನೆಯ ದಿನ, ಗಾಜಿನ ಪೆಟ್ಟಿಗೆಗೆ ಮರಳಿದ ಅಜ್ಜನಿಗೆ ಸುರಿಯಲೆಂದು ಸೀಸೆಯಲ್ಲಿ ಮೆಸ್ಕಾಲ್ ಹಿಡಿದು ಬಂದಳು. ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ.

"ಟಿಕೆಟ್ ತಗೊಳ್ಳಜ್ಜಿ. ಸೀಸೆ ಒಳಗ್ ಬಿಡಲ್ಲ."