ಇನ್‌ಸ್ಪೆಕ್ಟರ್ ಬಸ್ಸಲ್ಲಿ ಬಂದ ದಿನ

ನಮ್ಮ ಲೇಬರ್ ಇನ್‌ಸ್ಪೆಕ್ಟರ್ ಪಾಲಿಗೆ ಒಂಬೈನೂರ ಹದಿಮೂರು ಕಾರ್ಖಾನೆಗಳಿದ್ದವು, ಜೀಪು ಇರಲಿಲ್ಲ. ಹೇಳಿಕೊಳ್ಳಲು ಒಂದಿತ್ತು, ಕಚೇರಿಯ ಹಿಂದೆ ಇಟ್ಟಿಗೆಗಳ ಮೇಲೆ ಕೂತು ಆರು ವರ್ಷವಾಗಿತ್ತು, ಅದರ ಬಾನೆಟ್ಟಿನೊಳಗೆ ಬೆಕ್ಕು ಎರಡು ಸಲ ಮರಿ ಹಾಕಿತ್ತು. ಹಾಗಾಗಿ ತಪಾಸಣೆಗೆ ಹೊರಡುವ ಕ್ರಮವೇ ಬೇರೆ. ಮೊದಲು ಕಾರ್ಖಾನೆಗೆ ಫೋನು ಮಾಡಿ, "ಗುರುವಾರ ದಿಢೀರ್ ತಪಾಸಣೆಗೆ ಬರ್ತಿದೀನಿ, ಕಾರು ಕಳಿಸಿ" ಎನ್ನುವುದು. ಇದರಲ್ಲಿ ನಗುವಂಥದ್ದೇನೋ ಇದೆಯೆಂದು ಈ ಆರು ವರ್ಷದಲ್ಲಿ ಆತನಿಗೆ ಹೊಳೆದಿರಲಿಲ್ಲ.

ತಟ್ಟೆ-ಲೋಟ ಮಾಡುವ ಕಾರ್ಖಾನೆಯೆಂದರೆ ಆತನಿಗೆ ಅಚ್ಚುಮೆಚ್ಚು. ಅಲ್ಲಿನ ಹನ್ನೆರಡು ಪ್ರೆಸ್ ಮೆಷಿನ್‌ಗಳಿಗೆಲ್ಲ ಕೈ ಸಿಕ್ಕಿಕೊಳ್ಳದ ಹಾಗೆ ಹಳದಿ ಜಾಲರಿ. ನಾದಿನಿಗೆ ಅಲ್ಲಿ ಕೆಲಸ ಸಿಕ್ಕಾಗ ಅತ್ತೆ ಹಿಂದೆಮುಂದೆ ನೋಡಿದ್ದರು. "ನಾನೇ ನೋಡಿ ಸಹಿ ಹಾಕಿರೋ ಜಾಗ ಅತ್ತೆ, ಧೈರ್ಯವಾಗಿ ಕಳಿಸಿ" ಎಂದಿದ್ದವನು ಇವನೇ. ತಪಾಸಣೆಯ ದಿನ ಅವಳು ಕಣ್ಣಿಗೆ ಬೀಳುತ್ತಿರಲಿಲ್ಲ. ಭಾವನ ಎದುರು ಸಂಕೋಚವಿರಬೇಕು ಎಂದುಕೊಂಡು ಒಳಗೊಳಗೇ ಬೀಗುತ್ತಿದ್ದ.

ಈ ಸಲ ಬುಧವಾರವೇ ಮ್ಯಾನೇಜರ್ ಫೋನು ಮಾಡಿ, ಕಾರು ಗ್ಯಾರೇಜಿನಲ್ಲಿದೆ, ಶುಕ್ರವಾರ ಬನ್ನಿ ಎಂದ. ಶುಕ್ರವಾರ ಇವನಿಗೆ ಕೋರ್ಟಿತ್ತು. ಮತ್ತೆ ಫೋನು ಮಾಡದೆ ಗುರುವಾರವೇ ಬಸ್ ಹತ್ತಿದ.

ಬಸ್ಸು ನಿಂತದ್ದು ಹಿಂದಿನ ಗೇಟಿಗೆ. ಅಲ್ಲೊಂದು ಗೇಟಿದೆಯೆಂಬುದೇ ಇವನಿಗೆ ಹೊಸ ಸುದ್ದಿ. ಶಿಫ್ಟಿನವರು ಸಾಲು ನಿಂತಿದ್ದರು. ವಾಚ್‌ಮನ್ ಇವನ ಸವೆದ ಕಾಲರ್ ನೋಡಿ, "ಹೊಸಬನಾ? ನಡಿ ನಡಿ, ಹೊತ್ತಾಯ್ತು" ಎಂದು ಬೆನ್ನು ತಳ್ಳಿದ. ಮುಖದಲ್ಲಿ ಅಧಿಕಾರದ ಕಳೆಯಿದೆಯೆಂದು ನಂಬಿದ್ದವನಿಗೆ ಅದು ಮೊದಲ ಪೆಟ್ಟು.

ಒಳಗೆ ಕಾಲಿಟ್ಟವನು ನಿಂತಲ್ಲೇ ಕಲ್ಲಾದ. ಒಂದು ಮೆಷಿನ್‌ಗೂ ಜಾಲರಿಯಿಲ್ಲ. ಹನ್ನೆರಡೂ ಜಾಲರಿಗಳು ಪ್ಲಾಸ್ಟಿಕ್ ಹೊದ್ದು ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿವೆ. ಪಕ್ಕದಲ್ಲೇ ಕಟ್ಟು ಹಾಕಿಸಿದ ಸುರಕ್ಷತಾ ಪ್ರಮಾಣಪತ್ರ. ಅಡಿಯಲ್ಲಿ ಇವನದೇ ಸಹಿ. ಮೂರನೆಯ ಮೆಷಿನ್ ಮುಂದೆ ನಾದಿನಿ. ಅಚ್ಚು ಮೇಲೇಳುತ್ತಲೇ ಕೈ ಒಳಗೆ ಹೋಗುತ್ತದೆ, ತಗಡು ಇಟ್ಟು ಹೊರಗೆ ಬರುತ್ತದೆ. ಧಡ್. ಮತ್ತೆ ಒಳಗೆ. ಧಡ್. ಕೂಗಿದರೆ ಅವಳು ತಿರುಗಿ ನೋಡಿಯಾಳು, ಕೈ ಒಳಗೇ ಉಳಿದೀತು. ಗೋಡೆ ಹಿಡಿದುಕೊಂಡು ಹೋಗಿ ಮೇನ್ ಸ್ವಿಚ್ ಎಳೆದುಬಿಟ್ಟ.

"ಭಾವ, ನೀವಾ?" ಎಂದಳು ನಾದಿನಿ. "ನಾಳೆ ಅಲ್ವಾ ಬರೋದು? ನಾಳೆ ನಮಗೆ ರಜ ಅಂದಿದಾರೆ."

"ರಜ ಯಾಕೆ?"

"ಜಾಲರಿ ಇದ್ರೆ ಕೆಲಸ ನಿಧಾನ ಅಂತ ನೀವು ಬರೋ ದಿನ ಮಾತ್ರ ಹಾಕ್ತಾರೆ, ಅವತ್ತು ನಮಗೆಲ್ಲ ರಜ. ಆಫೀಸಿನವರು ಬಂದು ಮೆಷಿನ್ ಮುಂದೆ ನಿಂತ್ಕೋತಾರೆ. ಅದಕ್ಕೇ ನಿಮ್ಮನ್ನ ಕಂಡ್ರೆ ಇಲ್ಲಿ ಎಲ್ಲರಿಗೂ ಪ್ರೀತಿ."

"ಮನೇಲಿ ಒಂದು ಮಾತು ಹೇಳಬಾರದಿತ್ತಾ?"

"ನಿಮಗೆ ಗೊತ್ತಿದ್ದೇ ಸಹಿ ಹಾಕ್ತೀರಿ ಅಂದ್ಕೊಂಡಿದ್ದೆ."

ಇವನು ಗೋಡೆಯ ಮೇಲಿನ ತನ್ನ ಸಹಿಯನ್ನೊಮ್ಮೆ ನೋಡಿದ.

ಮ್ಯಾನೇಜರ್ ಏದುಸಿರು ಬಿಡುತ್ತ ಬಂದ. "ಏನ್ ಸಾರ್, ಹೀಗ್ ಮಾಡೋದಾ? ನಾಳೆ ಕಾರು ಕಳಿಸ್ತಿದ್ವಲ್ಲ."

ಇವನು ಸ್ಟೂಲೆಳೆದು ಸ್ವಿಚ್ಚಿಗೆ ಬೆನ್ನುಕೊಟ್ಟು ಕೂತ. "ಹನ್ನೆರಡೂ ಹಾಕ್ಸಿ. ಅಲ್ಲೀವರೆಗೂ ನಾನು ಏಳಲ್ಲ."

ಕೊನೆಯ ಜಾಲರಿಯ ಬೋಲ್ಟು ಬಿಗಿದಾಗ ಸಂಜೆ ಐದು. ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿ ಕಂಕುಳಲ್ಲಿಟ್ಟುಕೊಂಡು ಎದ್ದ. ನಾದಿನಿಯ ಜೊತೆಗೇ ಬಸ್ಸಿನಲ್ಲಿ ವಾಪಸಾದ. ದಾರಿಯುದ್ದಕ್ಕೂ ಅವಳ ಬೆರಳುಗಳನ್ನು ಕದ್ದು ಕದ್ದು ಎಣಿಸಿದ. ಹತ್ತಿದ್ದವು.

ಜೀಪು ಬೇಕೆಂದು ಪ್ರತಿವರ್ಷ ಮೇಲಿನವರಿಗೆ ಬರೆಯುತ್ತಿದ್ದ ಪತ್ರವನ್ನು ಈ ಸಲ ತಿದ್ದಿದ: ಜೀಪು ಬರುವವರೆಗೆ ಒಂದು ಬಸ್ ಪಾಸ್ ಕೊಡಿ, ಜೊತೆಗೆ ಇನ್ನಿಬ್ಬರು ಇನ್‌ಸ್ಪೆಕ್ಟರುಗಳನ್ನು ಕೊಡಿ. ಇನ್ನೂ ಒಂಬೈನೂರ ಹನ್ನೆರಡು ಕಾರ್ಖಾನೆಗಳ ಹಿಂದಿನ ಗೇಟು ನೋಡುವುದಿದೆ.