ಆಲ್ಟೊ ಹಾಡುವ ಸೊಸೆ

ನನ್ನ ಮದುವೆ ನಿಶ್ಚಯವಾದದ್ದು ನನ್ನ ಬಣ್ಣ ನೋಡಿ ಅಲ್ಲ, ನರ್ಸಿಂಗ್ ಸರ್ಟಿಫಿಕೇಟು ನೋಡಿಯೂ ಅಲ್ಲ. ನಾನು ಆಲ್ಟೊ ಹಾಡುತ್ತೇನೆ ಎಂಬ ಒಂದೇ ಕಾರಣಕ್ಕೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಉಡುಪಿ ಕಡೆಯ ನಮ್ಮ ಪ್ರೊಟೆಸ್ಟಂಟ್ ಮನೆಗಳಲ್ಲಿ ಹಾಡುವುದೆಂದರೆ ನಾಲ್ಕು ದನಿಯಲ್ಲಿ ಹಾಡುವುದು. ಹಿಂದಿನ ಕಾಲದ ಜರ್ಮನ್ ಪಾದ್ರಿಗಳು ತಂದ ರಾಗಗಳಿಗೆ ಕನ್ನಡದ ಮಾತು ಕೂಡಿಸಿ ಇಟ್ಟಿದ್ದಾರೆ. ಹೆಂಗಸರಲ್ಲಿ ಮೇಲಿನ ದನಿ ಸೊಪ್ರಾನೊ, ಕೆಳಗಿನದು ಆಲ್ಟೊ. ಗಂಡಸರಲ್ಲಿ ಟೆನರ್ ಮತ್ತು ಬೇಸ್. ಹಾಡಿನ ರಾಗ ಇರುವುದು ಸೊಪ್ರಾನೊದಲ್ಲಿ. ಮಿಕ್ಕ ಮೂವರು ಅದರ ಕೆಳಗೆ ತಮ್ಮ ತಮ್ಮ ದಾರಿ ಹಿಡಿದು ನಡೆಯುತ್ತಾರೆ. ನಾನು ಸೇರಿದ ಮನೆಯಲ್ಲಿ ಮಾವ ಬೇಸ್, ಅವರ ಮಗ ಟೆನರ್, ಅತ್ತೆ ಸೊಪ್ರಾನೊ. ಆಲ್ಟೊ ಹಾಡುತ್ತಿದ್ದ ನಾದಿನಿ ಮದುವೆಯಾಗಿ ಹೋದ ಮೇಲೆ ಆ ಮನೆಯ ಸಂಜೆ ಪ್ರಾರ್ಥನೆ ಒಂದು ಕಾಲು ಮುರಿದ ಮಂಚದ ಹಾಗಾಗಿತ್ತಂತೆ. ಹೆಣ್ಣು ನೋಡಲು ಬಂದ ಅತ್ತೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ನಿಂದು ಯಾವ ದನಿ?"

"ಆಲ್ಟೊ" ಅಂದೆ. ಕಾಫಿ ತಣಿಯುವ ಮೊದಲೇ ಮಾತು ಮುಗಿಯಿತು.

ಆಲ್ಟೊ ಬಗ್ಗೆ ನನಗೆ ಸ್ವಲ್ಪ ಜಂಭ ಇತ್ತು, ಈಗಲೂ ಇದೆ. ಸೊಪ್ರಾನೊ ಯಾರು ಬೇಕಾದರೂ ಹಾಡಬಹುದು, ದಾರಿಯಲ್ಲಿ ಹೋಗುವವನೂ ಆ ರಾಗವನ್ನು ಸಿಳ್ಳೆ ಹಾಕಿಯಾನು. ಪಕ್ಕದಲ್ಲಿ ನಿಂತವಳು ಮೇಲೆ ಹೋದರೂ ಹಿಂದೆ ಓಡದೆ ತನ್ನ ಸ್ವರದಲ್ಲೇ ನಿಲ್ಲಲು ಆಲ್ಟೊಗೆ ತಲೆ ಬೇಕು ಎಂದು ಅತ್ತೆಯ ಎದುರಿಗೇ ಹೇಳುತ್ತಿದ್ದೆ. ಅತ್ತೆ ಸುಮ್ಮನಿರುವ ಪೈಕಿಯೇ? "ಸಾರಿಗೆ ಉಪ್ಪು ಬೇಕು, ನಾನು ಇಲ್ಲ ಹೇಳುದಿಲ್ಲ. ಆದ್ರೆ ಬರೀ ಉಪ್ಪು ಬಡಿಸ್ಲಿಕ್ಕೆ ಆಗ್ತದಾ ಮಾರಾಯ್ತಿ?" ಎನ್ನುತ್ತಿದ್ದರು. ನಮ್ಮ ಜಗಳ ಹೆಚ್ಚಾಗಿ ಈ ಜಾತಿಯದು.

ಎಂಬತ್ತರ ದಶಕದ ನಡುವೆ, ಮಾವ ತೀರಿಕೊಂಡ ಮೇಲೆ, ಅತ್ತೆ ಅಮೆರಿಕಕ್ಕೆ, ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ನಾನು ಆಸ್ಪತ್ರೆಯಲ್ಲಿ ನರ್ಸು, ನಮ್ಮವರಿಗೆ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಕೆಲಸ, ಹತ್ತು ವರ್ಷದ ಒಬ್ಬಳು ಮಗಳು. ಮನೆಯಿಂದ ಎರಡು ಬೀದಿ ದಾಟಿದರೆ ಒಂದು ಸಣ್ಣ ಚರ್ಚು. ಅಲ್ಲಿಯವರೆಲ್ಲ ಮೂಲದಲ್ಲಿ ಅಮೆರಿಕದ ಉತ್ತರದ ತುದಿಯವರು. ಕೆನಡಾ ಗಡಿಯ ಹಿಮದ ಊರುಗಳಿಂದ ಒಬ್ಬರ ಹಿಂದೆ ಒಬ್ಬರು ಬಂದು ಇಲ್ಲಿ ನೆಲೆಸಿದವರು, ಅಜ್ಜಂದಿರು ನಾರ್ವೆಯಿಂದ ಬಂದವರು. ಅರ್ಧದಷ್ಟು ತಲೆಗಳು ಬೆಳ್ಳಗಾಗಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲ ಎಂಬುದೇ ಇಲ್ಲ ಎಂದು ನಂಬಿದ ಜನ, ಹಾಗಾಗಿ ಹೀಟರ್ ಹಾಕುತ್ತಿರಲಿಲ್ಲ. ಜನವರಿಯ ಬೆಳಿಗ್ಗೆ ಅವರು ಅರ್ಧ ತೋಳಿನ ಅಂಗಿಯಲ್ಲಿ ಕೂತರೆ ನಾವು ಕೋಟು, ಮಫ್ಲರು, ಕೈಗವಸು ಎಲ್ಲ ಹಾಕಿಕೊಂಡು ನಡುಗುತ್ತಿದ್ದೆವು. ಅತ್ತೆ ಸೀರೆಯ ಒಳಗೆ ಮಗನ ಹಳೆಯ ಪೈಜಾಮವನ್ನೂ ಸೇರಿಸುತ್ತಿದ್ದರು.

ಮಾತಿನಲ್ಲೂ ಅವರು ಬಿಗಿ. ಆರಾಧನೆ ಮುಗಿದು ಕಾಫಿಗೆ ಕೂತರೆ ಹವೆಯ ಬಗ್ಗೆ ಎರಡು ಮಾತು, ಮತ್ತೆ ಕಪ್ಪಿನ ಸದ್ದು. ಆದರೆ ಹಾಡಲು ನಿಂತರೆ ನಾಲ್ಕು ದನಿ! ನಮ್ಮದೇ ರಾಗಗಳು! ಮೊದಲ ಭಾನುವಾರ ಆರ್ಗನ್ ಶುರುವಾದದ್ದೇ ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ಅವರೆಲ್ಲ ಇಂಗ್ಲಿಷಿನಲ್ಲಿ ಹಾಡಿದರೆ ಅತ್ತೆ ಅದೇ ರಾಗದಲ್ಲಿ ಕನ್ನಡದ ಮಾತು ಹಾಕಿ, ಹಂಚು ಹಾರುವಷ್ಟು ಗಟ್ಟಿಯಾಗಿ ಹಾಡಿದರು. ಯಾರೂ ತಿರುಗಿ ನೋಡಲಿಲ್ಲ, ಅದು ಅವರ ಮರ್ಯಾದೆ. ಮುಂದಿನ ವಾರ ಸೊಪ್ರಾನೊ ಮುದುಕಿಯರೆಲ್ಲ ಬಂದು ನಮ್ಮ ಹಿಂದಿನ ಬೆಂಚಿನಲ್ಲೇ ಕೂತರು. ಇಂಗ್ಲಿಷಿನಲ್ಲಿ 'ಥ್ಯಾಂಕ್ಯೂ' ಬಿಟ್ಟು ಏನೂ ಬಾರದ ನನ್ನ ಅತ್ತೆ ಎರಡು ವರ್ಷ ಆ ಚರ್ಚಿನ ಸೊಪ್ರಾನೊವನ್ನು ನಡೆಸಿದರು ಎಂದರೆ ಅದು ಸುಳ್ಳಲ್ಲ.

ಒಂದು ಸೆಪ್ಟೆಂಬರಿನ ಬೆಳಿಗ್ಗೆ ಅತ್ತೆ ಈರುಳ್ಳಿ ಹೆಚ್ಚುತ್ತಿದ್ದಾಗ ಚೂರಿ ಕೈಯಿಂದ ಜಾರಿತು. ತಿರುಗಿ ನೋಡಿದರೆ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಸ್ಟ್ರೋಕು. ಕಾಲು ಬೇಗ ಸುಧಾರಿಸಿತು, ಬಲಗೈ ನಿಧಾನವಾಗಿ. ಮಾತು ಮಾತ್ರ ಹೋದದ್ದು ಹೋಯಿತು. ಉಳಿದದ್ದು ಒಂದೇ ಪದ, 'ಉಂಟು'.

"ಕಾಫಿ ಬೇಕಾ ಅತ್ತೆ?" "ಉಂಟು." "ಬೇಡವಾ?" "ಉಂಟು." ನೋವಿದ್ದರೂ ಉಂಟು, ಸಿಟ್ಟು ಬಂದರೂ ಉಂಟು. ತಾನು ಹೇಳಬೇಕೆಂದದ್ದು ಅದಲ್ಲ ಎಂದು ಅವರಿಗೇ ಗೊತ್ತಾಗಿ ಕಣ್ಣು ತುಂಬುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದ ಹೆಂಗಸು ಅದು. ನಿಜ ಹೇಳುತ್ತೇನೆ, ಮೊದಲ ವಾರ ಮನೆಯಲ್ಲಿ ಗಲಾಟೆ ಇಲ್ಲ ಎಂದು ನನಗೆ ಒಳಗೊಳಗೇ ಹಾಯೆನಿಸಿತ್ತು. ಎರಡನೆಯ ವಾರದಿಂದ ಆ ಮೌನ ಹೆದರಿಸತೊಡಗಿತು.

ಚರ್ಚಿನವರು ಮಾತಿಲ್ಲದೆ ನಮ್ಮ ಬಾಗಿಲಿಗೆ ಅಡಿಗೆ ತಂದಿಟ್ಟು ಹೋದರು. ಪಾತ್ರೆಯ ತಳದಲ್ಲಿ ಹೆಸರಿನ ಚೀಟಿ, ಒಳಗೆ ನೂಡಲ್ಸು, ಮೀನು, ಚೀಸು. ಉಪ್ಪೂ ಇಲ್ಲ, ಖಾರವೂ ಇಲ್ಲ. ಉಪ್ಪಿನಕಾಯಿ ಹಚ್ಚಿಕೊಂಡು ಆರು ವಾರ ಅದನ್ನೇ ತಿಂದೆವು. ಅತ್ತೆ ಮಾತ್ರ ಚರ್ಚಿಗೆ ಬರಲು ಒಪ್ಪಲಿಲ್ಲ. ಭಾನುವಾರ ಕೋಟು ತಂದರೆ ಎಡಗೈಯಿಂದ ಮಂಚದ ಕಾಲು ಹಿಡಿದುಕೊಂಡು ಬಿಡುತ್ತಿರಲಿಲ್ಲ. ಆ ಬಾಯಿ ಇಟ್ಟುಕೊಂಡು ಜನರ ಮುಂದೆ ನಿಲ್ಲಲು ಅವರಿಗೆ ನಾಚಿಕೆ.

ಮನೆಯಲ್ಲಿ ನಾನು ಎಲ್ಲವನ್ನೂ ಕೈಗೆ ತೆಗೆದುಕೊಂಡೆ. ನರ್ಸಲ್ಲವೇ, ಚುರುಕಾಗಿ ಮಾಡಿ ಮುಗಿಸುವುದು ಅಭ್ಯಾಸ. ಅತ್ತೆಯ ತಲೆ ನಾನೇ ಬಾಚಿದೆ. ಅವರ ಮಸಾಲೆ ಡಬ್ಬಗಳನ್ನು ನನಗೆ ಬೇಕಾದ ಸಾಲಿನಲ್ಲಿ ಇಟ್ಟೆ. ಅವರೇ ನಡೆಸುತ್ತಿದ್ದ ಸಂಜೆ ಪ್ರಾರ್ಥನೆಯನ್ನು ನಾನು ನಡೆಸಿದೆ, ಹಾಡು ಬಿಟ್ಟು ಎರಡು ನಿಮಿಷದಲ್ಲಿ ಮುಗಿಸಿದೆ. ಅವರು ಚಮಚ ಎತ್ತುವ ಮೊದಲೇ ತುತ್ತು ಬಾಯಿಗಿಟ್ಟೆ. ಎಂಥ ಸೊಸೆ ಎಂದು ಎಲ್ಲರೂ ಹೊಗಳಿದರು, ನಾನೂ ಒಪ್ಪಿಕೊಂಡೆ.

ಡಿಸೆಂಬರಿನಲ್ಲಿ, ಅತ್ತೆಗೆ ಮಾತಿನ ಅಭ್ಯಾಸ ಮಾಡಿಸುತ್ತಿದ್ದ ಸ್ಪೀಚ್ ಥೆರಪಿಸ್ಟ್ ನನ್ನನ್ನು ಹೊರಗೆ ಕರೆದಳು. ಆರು ತಿಂಗಳೊಳಗೆ ಏನಾದರೂ ಬಂದರೆ ಬಂತು, ಆಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದಳು. ಅವಳಲ್ಲಿದ್ದ ಚಿತ್ರದ ಕಾರ್ಡುಗಳೆಲ್ಲ ಇಂಗ್ಲಿಷಿನವು, ಅತ್ತೆಗೆ ಅವುಗಳಿಂದ ಉಪಯೋಗವಿರಲಿಲ್ಲ. ಆದರೆ ಮಾತು ಹೋದವರು ಕೆಲವೊಮ್ಮೆ ಹಾಡುತ್ತಾರೆ, ಹಾಡಿನಿಂದ ಮಾತಿಗೆ ದಾರಿ ಸಿಕ್ಕರೂ ಸಿಕ್ಕೀತು. ಇವರಿಗೆ ಚಿಕ್ಕಂದಿನಿಂದ ಬರುವ ಹಾಡನ್ನು ಎದುರಿಗೆ ಕೂತು, ಮುಖ ನೋಡುತ್ತ ಹಾಡಿ ಎಂದಳು.

"ಅದನ್ನು ನನಗೆ ಬಿಡಿ" ಅಂದೆ.

ಆ ಸಂಜೆಯೇ ಅತ್ತೆಯ ಎದುರು ಕುರ್ಚಿ ಎಳೆದು ಕೂತೆ. ಊರಿನಲ್ಲಿ ದಿನಾ ಹಾಡುತ್ತಿದ್ದ ಸಂಜೆಯ ಗೀತೆಯನ್ನು ಎತ್ತಿಕೊಂಡೆ. ಅತ್ತೆ ಬಾಗಿಲಿಗೆ ಬಂದ ಸೇಲ್ಸ್‌ಮನ್ನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಎರಡನೆಯ ಚರಣಕ್ಕೆ ಗೋಡೆಯ ಕಡೆ ತಿರುಗಿದರು.

"ಮಮ್ಮಿ, ದಟ್ಸ್ ನಾಟ್ ಈವನ್ ಎ ಸಾಂಗ್" ಎಂದಳು ಮಗಳು.

ಅವಳು ಹೇಳಿದ್ದು ಸರಿ. ಆ ಗೀತೆಯ ಆಲ್ಟೊ ಒಂದೇ ಸ್ವರದಲ್ಲಿ ಅರ್ಧ ಸಾಲು ನಿಂತು, ಒಂದು ಮೆಟ್ಟಿಲು ಇಳಿದು, ಮತ್ತೆ ನಿಲ್ಲುತ್ತದೆ. ಅದರ ರಾಗ ಏನು ಎಂದು ನೆನಪಿಸಿಕೊಂಡೆ. ಬರಲಿಲ್ಲ! ಚಿಕ್ಕಂದಿನಿಂದ ಕಿವಿಯ ಪಕ್ಕದಲ್ಲಿ ಕೇಳಿದ ರಾಗ, ಬಾಯಿ ತೆರೆದರೆ ಬರುವುದು ನನ್ನ ಆಲ್ಟೊ ಮಾತ್ರ. ಇನ್ನೊಂದು ಗೀತೆ ನೋಡಿದೆ, ಮತ್ತೊಂದು ನೋಡಿದೆ. ಒಂದರ ರಾಗವೂ ನನಗೆ ಗೊತ್ತಿರಲಿಲ್ಲ. ನಮ್ಮವರನ್ನು ಕರೆದು, "ನೀವು ಹಾಡಿ" ಅಂದೆ. ಒಂದು ಸಾಲು ಹೇಗೋ ಎಳೆದು, ಎರಡನೆಯ ಸಾಲಿಗೆ ಇವರು ಟೆನರಿಗೆ ಜಾರಿದರು.

"ಅಮ್ಮ ಇದ್ರಲ್ಲ ಮಾರಾಯ್ತಿ, ನಾವು ಯಾಕೆ ಕಲಿಬೇಕಿತ್ತು?" ಎಂದು ಇವರು ತಲೆಗೆ ಕೈ ಹೊತ್ತು ಕೂತರು.

ನಮ್ಮ ಹತ್ತಿರ ಇದ್ದದ್ದು ಬರೀ ಮಾತಿನ ಪುಸ್ತಕ, ಸ್ವರದ ಪುಸ್ತಕ ಊರಲ್ಲೇ ಉಳಿದಿತ್ತು. ಹತ್ತಿರದ ನೆವಾರ್ಕ್‌ನಲ್ಲಿದ್ದ ಕೊಂಕಣಿ ಗೆಳತಿ ಕ್ಯಾಥೊಲಿಕ್, ಅವರ ಹಾಡುಗಳೇ ಬೇರೆ. ಪಕ್ಕದ ಮನೆಯ ಮಂಡ್ಯದವರು ಪಾಪ, "ದಾಸರ ಪದ ಹೇಳ್ಕೊಡ್ಲಾ?" ಎಂದು ಕೇಳಿದರು. ಕೊನೆಗೆ ಒಂದು ಬುಧವಾರ ಡ್ಯೂಟಿ ಮುಗಿಸಿ ನೆಟ್ಟಗೆ ಚರ್ಚಿಗೆ ಹೋದೆ. ಆರ್ಗನ್ ನುಡಿಸುವ ಹೆಂಗಸು ಅಲ್ಲಿದ್ದರು. ಎಂಬತ್ತು ಸಮೀಪಿಸಿದ ವಯಸ್ಸು, ಆ ಜನವರಿಯಲ್ಲೂ ಅರ್ಧ ತೋಳು. ನಾನು ಕೋಟು ಬಿಚ್ಚದೆ ನಿಂತು ವಿಷಯ ಹೇಳಿ, ನನ್ನ ಆಲ್ಟೊ ಹಾಡಿದೆ. ಅವರು ಕಣ್ಣು ಮುಚ್ಚಿ ಕೇಳಿ, ಬಲಗೈಯ ಬೆರಳಿನಿಂದ ಆರ್ಗನ್ನಿನಲ್ಲಿ ಅದಕ್ಕೆ ಹೊಂದುವ ಮೇಲಿನ ದನಿ ಹುಡುಕಿದರು. ಮೂರನೆಯ ಸಲಕ್ಕೆ ರಾಗ ಬಂದು ಕೂತಿತು. ನನಗೆ ಅತ್ತೆಯ ಮುಖ ಕಣ್ಣ ಮುಂದೆ ಬಂತು.

"ನಮ್ಮ ಅಜ್ಜಿ ಇದನ್ನು ನಾರ್ವೆ ಭಾಷೆಯಲ್ಲಿ ಹಾಡುತ್ತಿದ್ದಳು" ಎಂದರು. ಅವರ ಊರಿನಲ್ಲಿ ಹಿಮ ಬಿದ್ದು ದಾರಿ ಮುಚ್ಚಿದರೆ ವಾರಗಟ್ಟಲೆ ಚರ್ಚಿಗೆ ಹೋಗಲಾಗುತ್ತಿರಲಿಲ್ಲವಂತೆ. ಮನೆಯವರೇ ಅಡಿಗೆಮನೆಯ ಒಲೆಯ ಸುತ್ತ ನಿಂತು ನಾಲ್ಕು ದನಿಯಲ್ಲಿ ಹಾಡುತ್ತಿದ್ದರಂತೆ. ಅವರಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು.

ಆಮೇಲೆ ನನ್ನ ಶಿಕ್ಷೆ ಶುರುವಾಯಿತು. ಎರಡು ಸಾಲು ಸರಿಯಾಗಿ ಹೋಗಿ, ಮೂರನೆಯದರಲ್ಲಿ ದನ ಕೊಟ್ಟಿಗೆಗೆ ತಿರುಗುವ ಹಾಗೆ ದನಿ ತಾನಾಗಿ ಆಲ್ಟೊಗೆ ಇಳಿಯುತ್ತಿತ್ತು. ಅವರು ಕೈ ಎತ್ತಿ, "ಅಗೈನ್" ಎನ್ನುತ್ತಿದ್ದರು. ಕೊನೆಯ ಸಾಲಿನಲ್ಲಿ ಒಂದು ಎತ್ತರದ ಸ್ವರವಿದೆ. ಅಲ್ಲಿ ನನ್ನ ಗಂಟಲು ಒಡೆದು ಕೋಳಿ ಕೂಗಿದ ಹಾಗಾಗುತ್ತಿತ್ತು. ಸೊಪ್ರಾನೊ ಯಾರು ಬೇಕಾದರೂ ಹಾಡಬಹುದು ಎಂದಿದ್ದೆನಲ್ಲ! ಎರಡು ವಾರ, ದಿನ ಬಿಟ್ಟು ದಿನ, ಆ ಹೆಂಗಸು ಒಮ್ಮೆಯೂ ಬೇಸರಿಸದೆ, ಒಮ್ಮೆಯೂ ಹೊಗಳದೆ ಕಲಿಸಿದರು.

ಒಂದು ಶನಿವಾರ ಮಧ್ಯಾಹ್ನ ಅತ್ತೆ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ನಾನು ಎದುರಿಗೆ ಕೂತು ಶುರು ಮಾಡಿದೆ. ಈ ಸಲ ರಾಗ, ಕನ್ನಡದ ಮಾತು, ಎರಡೂ ಸರಿಯಾಗಿದ್ದವು.

ಅತ್ತೆಯ ತಲೆ ಥಟ್ಟನೆ ಈ ಕಡೆ ತಿರುಗಿತು. ಸಂತೋಷದಿಂದ ಎಂದುಕೊಂಡೆ. ಅಲ್ಲ, ಹುಬ್ಬು ಗಂಟಿಕ್ಕಿತ್ತು. "ಉಂಟು!" ಎಂದು ಎಡಗೈಯಿಂದ ಕುರ್ಚಿಯ ಕೈಗೆ ಬಡಿದರು. ನಾನು ನಿಲ್ಲಿಸಲಿಲ್ಲ. "ಉಂಟು! ಉಂಟು!" ಅವರಿಗೆ ಇಷ್ಟು ಸಿಟ್ಟು ಬಂದದ್ದನ್ನು ನೋಡಿ ತಿಂಗಳುಗಳೇ ಆಗಿದ್ದವು. ಕೊನೆಯ ಸಾಲಿಗೆ ಬಂದೆ, ಎತ್ತರದ ಸ್ವರಕ್ಕೆ ಕೈಚಾಚಿದೆ, ಗಂಟಲು ಒಡೆಯಿತು.

ಆ ಸ್ವರವನ್ನು ಅತ್ತೆ ಎತ್ತಿಕೊಂಡರು. ಸೊಟ್ಟ ಬಾಯಿಂದಲೇ, ಸ್ವಲ್ಪ ನಡುಗುತ್ತ, ಆದರೆ ಎಲ್ಲಿ ಇರಬೇಕೋ ಅಲ್ಲೇ. ಸ್ವರದ ಬೆನ್ನಿಗೆ ಮಾತು ಬಂತು, ಒಂದೊಂದೇ ಅಕ್ಷರವಲ್ಲ, ಇಡೀ ಸಾಲು. ಮುಂದಿನ ಚರಣವನ್ನು ಅವರೇ ಶುರು ಮಾಡಿದರು. ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ಅವರು ಹಾಡುತ್ತಲೇ ನನ್ನನ್ನು ದುರುಗುಟ್ಟಿ ನೋಡಿ, ನನ್ನ ತೊಡೆಯ ಮೇಲೆ ಒಂದು ಏಟು ಕೊಟ್ಟರು. ಆಗ ಎಚ್ಚರಾಗಿ ನನ್ನ ಆಲ್ಟೊಗೆ ಇಳಿದೆ. ಇವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಟೆನರ್ ಸೇರಿಸಿದರು. ನಾಲ್ಕು ಚರಣವನ್ನೂ ಹಾಡಿದೆವು. ನಾನು ಅಳುತ್ತ ಹಾಡಿದೆ, ಹಾಗಾಗಿ ಅಷ್ಟು ಚೆನ್ನಾಗಿ ಬರಲಿಲ್ಲ.

ಹಾಡು ಮುಗಿದ ಮೇಲೆ ಅತ್ತೆಯ ತುಟಿಯ ತುದಿ ಒರೆಸಲು ನಾನು ಎಂದಿನಂತೆ ಟವೆಲ್ ಹಿಡಿದು ಬಾಗಿದೆ. ಅವರು ನನ್ನ ಕೈ ತಡೆದು, ಟವೆಲ್ ಕಿತ್ತುಕೊಂಡು, ತಾವೇ ಒರೆಸಿಕೊಂಡರು. ಏನೋ ಹೇಳಲು ಬಾಯಿ ಒದ್ದಾಡಿತು. ಉಂಟು ಎನ್ನುತ್ತಾರೆ ಎಂದು ಕಾದೆ.

"ಅದು..." ಎಂದರು. ಉಸಿರು ಎಳೆದುಕೊಂಡರು. "ಅದು ನಂದು."

ಹಾಡಿಗೆ ಹೇಳಿದರೋ, ಟವೆಲಿಗೆ ಹೇಳಿದರೋ, ಡಬ್ಬ, ಬಾಚಣಿಗೆ, ಪ್ರಾರ್ಥನೆ ಎಲ್ಲಕ್ಕೂ ಸೇರಿಸಿ ಹೇಳಿದರೋ ನಾನು ಕೇಳಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು.

"ಹೌದತ್ತೆ, ನಿಮ್ಮದೇ" ಅಂದೆ.