ಬೆಂಚಿನಲ್ಲಿ ಜಾಗ ಮಾಡಿಸಿದವರು

ನಮ್ಮ ಚಿಕ್ಕಪ್ಪನ ನಿಜವಾದ ಹೆಸರು ಕಾಫಿ ಹೋಟೆಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವರು ‘ಒಂಚೂರಣ್ಣ’.

ಅವರು ಸಪ್ಲೈಯರ್ ಆಗಿ ಸೇರಿದಾಗ ಆ ಹೋಟೆಲಿನಲ್ಲಿ ಎರಡು ಲೋಕಗಳಿದ್ದವು. ಒಳಕೋಣೆಯಲ್ಲಿ ಮೇಜು, ಕುರ್ಚಿ, ಪಿಂಗಾಣಿ ಕಪ್ಪು. ಅಲ್ಲಿ ವಕೀಲರು, ಕೋರ್ಟಿನ ಗುಮಾಸ್ತರು. ಹೊರಗಿನ ಹಜಾರದಲ್ಲಿ ಉದ್ದನೆಯ ಬೆಂಚು, ಗಾಜಿನ ಲೋಟ. ಅಲ್ಲಿ ಮೂಟೆ ಹೊರುವವರು, ಬಣ್ಣ ಬಳಿಯುವವರು. ಎರಡೂ ಕಡೆಗೆ ಕಾಫಿ ಹೋಗುತ್ತಿದ್ದುದು ಒಂದೇ ಪಾತ್ರೆಯಿಂದ.

ಒಂದು ದಿನ ಒಳಕೋಣೆಯ ತೊಲೆ ಬಿರುಕುಬಿಟ್ಟಿತು. ಯಜಮಾನರು ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ತಲೆಯ ಮೇಲೆ ಕೈಹೊತ್ತು ಕುಳಿತರು.

“ದೊಡ್ಡೋರು ಇನ್ನು ಈ ಕಡೆ ತಲೆ ಹಾಕಲ್ಲ ಕಣಯ್ಯಾ.”

“ಬೆಳಗಿನ ಕಾಫಿ ಬಿಟ್ಟು ಎಲ್ಲಿಗೆ ಹೋಗ್ತಾರೆ ಯಜಮಾನ್ರೇ? ಕೂರ್ಸೋ ಕೆಲಸ ನನಗೆ ಬಿಡಿ,” ಎಂದರು ಚಿಕ್ಕಪ್ಪ.

ಮೊದಲು ಬಂದದ್ದು ಮುಖ ಸಿಂಡರಿಸಿಕೊಂಡ ಒಬ್ಬ ಗುಮಾಸ್ತರು. ಚಿಕ್ಕಪ್ಪ ಬೆಂಚು ಒರೆಸಿ, ಅಲ್ಲಿದ್ದ ಹಮಾಲನಿಗೆ “ಒಂಚೂರು ಸರ್ಕೊಳ್ಳಿ” ಎಂದರು. ಅವನು ಸರಿದ. ಗುಮಾಸ್ತರು ಗೇಣು ಬಿಟ್ಟು ಕುಳಿತು ಪೇಪರನ್ನು ಗೋಡೆಯ ಹಾಗೆ ಹಿಡಿದರು. ಆ ಗೋಡೆಯ ಹಿಂಬದಿಯಲ್ಲಿ ಕುಸ್ತಿಯ ಫೋಟೋ ಇತ್ತು. ಹಮಾಲ ಕತ್ತು ಬಗ್ಗಿಸಿ ನೋಡಿದ.

“ಸ್ವಾಮಿ, ಯಾರು ಗೆದ್ರು?”

“ಆ ಗಿಡ್ಡನೇ,” ಎಂದಿತು ಪೇಪರು.

“ಸಾಧ್ಯನೇ ಇಲ್ಲ! ಅವನ ಮಂಡಿ ಹೋಗಿದೆ.”

ಪೇಪರು ಕೆಳಗಿಳಿಯಿತು. “ನೀನೇನು ಅವನ ಕುಸ್ತಿ ನೋಡಿದ್ಯಾ?”

“ನೋಡೋದೇನು ಸ್ವಾಮಿ, ಅವನ ಕೈಲಿ ಎರಡು ಸಲ ಮಣ್ಣು ಮುಕ್ಕಿದೀನಿ!”

ಗುಮಾಸ್ತರು ಅಂದು ಕೋರ್ಟಿಗೆ ತಡವಾಗಿ ಹೋದರು. ಮರುದಿನ ಬಂದವರೇ “ಪೈಲ್ವಾನ್ರು ಬಂದ್ರಾ?” ಎಂದು ಕೇಳಿದರು. ಮೂರು ತಿಂಗಳ ಮೇಲೆ ತೊಲೆ ರಿಪೇರಿಯಾಗಿ ಹಗ್ಗ ಬಿಚ್ಚಿದಾಗ ಒಳಗೆ ಹೋಗಿ ಕೂರುವವರೇ ಇರಲಿಲ್ಲ. ಕೊನೆಗೆ ಅಲ್ಲಿ ಕಾಫಿ ಬೀಜದ ಮೂಟೆ ಪೇರಿಸಿದರು.

ಅಂದಿನಿಂದ ಯಾರ ಪಕ್ಕ ಯಾರು ಎಂದು ನೋಡುವುದು ಚಿಕ್ಕಪ್ಪನ ಕಸುಬಾಯಿತು. ವಿಳಾಸದ ಚೀಟಿ ಹಿಡಿದು ಕಂಗಾಲಾಗಿ ಬಂದವರನ್ನು ಪೋಸ್ಟ್‌ಮ್ಯಾನ್ ಪಕ್ಕ ಕೂರಿಸುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದ ಮೇಷ್ಟ್ರೊಬ್ಬರನ್ನು ಕ್ಷೌರದಂಗಡಿಯವನ ಪಕ್ಕ ಕೂರಿಸಿದರು. ಎಂಟನೇ ದಿನಕ್ಕೆ ಮೇಷ್ಟ್ರು ಬಾಯಿಬಿಟ್ಟರು: “ಒಂದು ನಿಮಿಷ ಸುಮ್ನಿರಪ್ಪಾ!” ಆಮೇಲೆ ಅವರೇ ಒಂದು ಗಂಟೆ ಮಾತಾಡಿದರಂತೆ.

ಚಿಕ್ಕಪ್ಪನಿಗೆ ಐವತ್ತೆರಡಾದಾಗ ದನಿ ಒಡೆಯಿತು. ಶೀತ ಎಂದುಕೊಂಡು ಚಿಕ್ಕಮ್ಮ ಕೊಟ್ಟ ಕಷಾಯ ಕುಡಿದುಕೊಂಡೇ ಓಡಾಡಿದರು. ಒಂದು ಬೆಳಿಗ್ಗೆ, ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತು ಕಾಫಿ ಕೇಳಿದ ಅಪರಿಚಿತ ಹೆಂಗಸಿಗೆ ಅವರು “ಒಂಚೂರು ಸರ್ಕೊಳ್ಳಿ” ಎಂದು ಪೈಲ್ವಾನರ ಪಕ್ಕ ಜಾಗ ಮಾಡಿಸಿದರು. ಆ ದನಿ ಕೇಳಿದವರೇ ಆಕೆ ಲೋಟ ಕೆಳಗಿಟ್ಟರು.

“ಗಂಟಲು ಎಷ್ಟು ದಿನದಿಂದ ಹೀಗಿದೆ ಅಣ್ಣಾ?”

“ಎರಡು ತಿಂಗ್ಳು. ಶೀತ ಅಷ್ಟೇ ಕಣಮ್ಮ.”

“ಎರಡು ತಿಂಗಳಿರೋ ಶೀತ ನಾನಂತೂ ನೋಡಿಲ್ಲ. ಗಂಟಲಿನ ವಾರ್ಡಲ್ಲಿ ನರ್ಸು ನಾನು. ಇವತ್ತೇ ತೋರಿಸ್ಕೊಳ್ಳಿ.”

ಚಿಕ್ಕಪ್ಪ ನಕ್ಕು ಬಿಡುವವರಿದ್ದರು. ಪೈಲ್ವಾನರು ಬಿಡಲಿಲ್ಲ. “ನಡೀರಿ, ಇಲ್ಲಾಂದ್ರೆ ಮೂಟೆ ಥರ ಹೊತ್ಕೊಂಡು ಹೋಗ್ತೀನಿ.”

ಗಂಟಲಲ್ಲಿ ಕ್ಯಾನ್ಸರ್ ಗಡ್ಡೆಯಿತ್ತು. ಇನ್ನು ಮೂರು ತಿಂಗಳು ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಆಪರೇಷನ್ನಿನಿಂದ ಜೀವ ಉಳಿಯಿತು, ದನಿ ಹೋಯಿತು. ಉಸಿರಾಡಲು ಕತ್ತಿನಲ್ಲಿ ಒಂದು ತೂತು ಮಾತ್ರ.

ಗಾಯ ಮಾಗಿದರೂ ಚಿಕ್ಕಪ್ಪ ಹೊಸಿಲು ದಾಟಲಿಲ್ಲ. ‘ಮಾತಿಲ್ಲದವನಿಗೆ ಅಲ್ಲೇನು ಕೆಲಸ?’ ಎಂದು ಸ್ಲೇಟಿನಲ್ಲಿ ಬರೆದು ಚಿಕ್ಕಮ್ಮನ ಮುಂದೆ ಹಿಡಿದರು.

“ಇಷ್ಟು ದಿನ ಅಲ್ಲಿ ಭಾಷಣ ಮಾಡೋಕೆ ಹೋಗ್ತಿದ್ರಾ? ಎದ್ದು ಶರ್ಟು ಹಾಕ್ಕೊಳ್ಳಿ!” ಎಂದರು ಚಿಕ್ಕಮ್ಮ.

ಹೋದರು. ಬೆಂಚು ತುಂಬಿತ್ತು, ಹೊಸಬರೊಬ್ಬರು ನಿಂತಿದ್ದರು. ಚಿಕ್ಕಪ್ಪ ಬೆಂಚಿನ ತುದಿಯನ್ನು ಎರಡು ಬೆರಳಿಂದ ತಟ್ಟಿದರು. ಬೆಂಚಿಗೆ ಬೆಂಚೇ ಸರಿಯಿತು. ಗುಮಾಸ್ತರು ಕನ್ನಡಕ ಒರೆಸಿಕೊಂಡರು. ಯಜಮಾನರು ಟ್ರೇ ಕೈಗಿತ್ತರು. ಇನ್ನೂ ಒಂಬತ್ತು ವರ್ಷ ಚಿಕ್ಕಪ್ಪ ಅಲ್ಲೇ ದುಡಿದರು.

ಕೆಲಸ ಬಿಟ್ಟ ಮೇಲೆ ಅವರಿಗೆ ಉಳಿದದ್ದು ಒಂದೇ ಆಸೆ, ಆ ನರ್ಸಮ್ಮನನ್ನು ಕಾಣಬೇಕು. ವರ್ಗವಾಗಿ ಬೇರೆ ಊರಿಗೆ ಹೋಗಿದ್ದವರನ್ನು ವಿಚಾರಿಸಿ ಹುಡುಕಿ, ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಚಿಕ್ಕಪ್ಪ ಕೈಮುಗಿದು ಸ್ಲೇಟು ಹಿಡಿದರು: ‘ನಿಮ್ಮಿಂದ ಬದುಕಿದೆ.’

ಆಕೆ ಚಿಕ್ಕಪ್ಪನ ಮುಖವನ್ನು ದಿಟ್ಟಿಸಿ ನೋಡಿದರು. “ತಪ್ಪು ತಿಳ್ಕೋಬೇಡಿ ಅಣ್ಣಾ, ನೆನಪಾಗ್ತಿಲ್ಲ. ಎಷ್ಟು ಜನಕ್ಕೆ ಹೇಳಿರ್ತೀನೋ!”

ನನಗೆ ಪಿಚ್ಚೆನಿಸಿತು. ಚಿಕ್ಕಪ್ಪನ ಭುಜ ಮಾತ್ರ ನಗುವಿನಿಂದ ಕುಲುಕುತ್ತಿತ್ತು. ಅಷ್ಟರಲ್ಲಿ ಆಕೆಯ ಕಣ್ಣು ಅವರ ಕತ್ತಿನ ತೂತನ್ನು ಮುಚ್ಚಿದ್ದ ಬಟ್ಟೆಯ ಮೇಲೆ ಬಿತ್ತು.

“ಏನಿದು ಇಷ್ಟೊಂದು ಧೂಳು? ಉಸಿರಾಡೋ ದಾರಿ ಇದು! ದಿನಕ್ಕೆ ಮೂರು ಸಲ ಬದಲಾಯಿಸ್ಬೇಕು ಅಂತ ಯಾರೂ ಹೇಳ್ಲಿಲ್ವಾ?” ಎಂದು ಗದರಿ, ಅಲ್ಲೇ ಕೂರಿಸಿ ಹೊಸ ಬಟ್ಟೆ ಕಟ್ಟಿದರು. ಚಿಕ್ಕಪ್ಪ ಕಣ್ಣುಮುಚ್ಚಿ, ಗದ್ದವೆತ್ತಿಕೊಂಡು, ಸುಮ್ಮನೆ ಬೈಸಿಕೊಂಡರು.